ಬೇಸಿಗೆಯಲ್ಲೂ ಹಸಿರಾಗಿದ್ದ ಮರ

ತೇಲುವ ಜಾಕೆಟ್ಟನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸುವುದೆಂದರೆ ಹಟಮಾರಿ ಮಗುವಿಗೆ ತಲೆಗೆ ನೀರು ಹಾಕಿದ ಹಾಗೆ. ಈ ಕಡೆ ಅದುಮಿದರೆ ಆ ಕಡೆ ಎದ್ದು ಬರುತ್ತದೆ. ಮೊಣಕೈವರೆಗೆ ತೋಳಿಳಿಸಿ, ಮೈಭಾರವನ್ನೆಲ್ಲ ಅದರ ಬೆನ್ನ ಮೇಲೆ ಹಾಕಿ, ಒಳಗಿನ ಗಾಳಿ ಗುಳುಗುಳು ಅಂತ ಹೊರಡುವವರೆಗೆ ಕಾಯಬೇಕು. ಆಮೇಲೆ ಬ್ರಷ್ಷು. ಆಮೇಲೆ ಪಟ್ಟಿ, ಬಕಲ್ಲು, ಕೊನೆಗೆ ದಾರಕ್ಕೆ ಕಟ್ಟಿದ ಸೀಟಿ. ಸೀಟಿಯನ್ನು ಮಕ್ಕಳು ಕಚ್ಚಿರುತ್ತಾರೆ, ಯಾರೂ ನೋಡದಿದ್ದಾಗ ದೊಡ್ಡವರೂ ಕಚ್ಚಿರುತ್ತಾರೆ. ಅದಕ್ಕೆಂದೇ ಬಿಸಿನೀರಿನ ಬೇರೆ ಬೋಗುಣಿ.

ದೋಣಿಮನೆಯ ಹಿಂದಿನ ಆ ತೊಟ್ಟಿಯ ಹತ್ತಿರವೇ ಅವಳ ಕೂದಲು ಬೆಳ್ಳಗಾಗಿದ್ದು. ಜಲಾಶಯಕ್ಕೆ ವಿಹಾರಕ್ಕೆ ಬಂದವರು ದೋಣಿ ಹತ್ತುವ ಮುಂಚೆ ತೊಡುವ ಕಿತ್ತಳೆ ಬಣ್ಣದ ಜಾಕೆಟ್ಟುಗಳನ್ನು ತೊಳೆಯುವುದು, ಒಣಗಿಸುವುದು, ಹರಿದ ಪಟ್ಟಿಗೆ ಹೊಲಿಗೆ ಹಾಕುವುದು ಅವಳ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಜಾಕೆಟ್ಟಮ್ಮ. ಹಗ್ಗದ ಮೇಲೆ ಸಾಲಾಗಿ ನೇತಾಡುವ ಜಾಕೆಟ್ಟುಗಳನ್ನು ನೋಡಿ ದೋಣಿಯವರು, ಏನಮ್ಮಾ ಸಂಸಾರ ದೊಡ್ಡದಾಗ್ತಾ ಇದೆ ಅಂತ ರೇಗಿಸುವರು. ಆಗ್ಲಿ ಬಿಡ್ರಪ್ಪ, ಒಬ್ಬರಾದ್ರೂ ಊಟ ಕೇಳಲ್ವಲ್ಲ ಅಂತ ಇವಳು ಅನ್ನುವಳು.

ಒಂದು ಬೆಳಿಗ್ಗೆ ದೋಣಿಮನೆಯ ಮ್ಯಾನೇಜರು ಹಗ್ಗದ ಹತ್ತಿರ ಬಂದು ನಿಂತರು. ಕೇಳಬೇಕಾದ್ದನ್ನು ನೇರ ಕೇಳುವ ಮನುಷ್ಯನಲ್ಲ. ಸರಿಯಾಗೇ ಇದ್ದ ಒಂದು ಜಾಕೆಟ್ಟನ್ನು ಮತ್ತೆ ಸರಿಮಾಡಿದರು, ಆಕಾಶ ನೋಡಿದರು, ಈ ಸಲ ಮಳೆ ಜೋರಂತೆ ಅಂದರು. ಕೊನೆಗೆ, "ಸೊಸೆಯಿಂದ ಕಾಗದ ಬಂತಾ ಅಮ್ಮ?" ಅಂದರು.

"ಇಲ್ಲಪ್ಪ."

"ನೀವು ಬರೆದು ಬಹಳ ದಿನ ಆಯ್ತಲ್ಲ."

"ನಾನು ಬರೆದಾಯ್ತು. ಉತ್ತರ ಕೊಡೋದು ಬಿಡೋದು ಅವಳಿಗೆ ಸೇರಿದ್ದು."

ಹೀಗನ್ನುವಾಗ ಅವಳ ಕೈ ನಿಲ್ಲಲಿಲ್ಲ. ಕೈ ಆಡುತ್ತಿದ್ದರೆ ಸುಳ್ಳು ಹೇಳುವುದು ಅಷ್ಟೇನೂ ಕಷ್ಟವಲ್ಲ ಅಂತ ಅವಳಿಗೆ ಈಚೆಗೆ ಗೊತ್ತಾಗಿತ್ತು. ಅವಳು ಸೊಸೆಗೆ ಒಂದಕ್ಷರವನ್ನೂ ಬರೆದಿರಲಿಲ್ಲ.

ಆ ಜಲಾಶಯ ಹುಟ್ಟಿದ್ದು ವಿಹಾರಕ್ಕಲ್ಲ. ಹಿಂದೆ ಯಾವುದೋ ಕಾರ್ಖಾನೆಯ ನೀರಿಗೆ ಅಂತ ಕಟ್ಟಿದ್ದು. ಕಾರ್ಖಾನೆ ಬಾಗಿಲು ಹಾಕಿಕೊಂಡು ಹೋಯಿತು, ನೀರು ಉಳಿಯಿತು. ಊರಿನವರು ಸೇರಿ ಒಂದು ಸಮಿತಿ ಮಾಡಿಕೊಂಡು, ಪೆಡಲು ದೋಣಿ, ಮೋಟಾರು ದೋಣಿ, ಹುಲ್ಲುಹಾಸು, ಹಗ್ಗ ಕಟ್ಟಿದ ಈಜುಮೂಲೆ ಅಂತ ಒಂದೊಂದಾಗಿ ತಂದರು. ನೀರನ್ನು ಹಿಡಿದು ನಿಲ್ಲಿಸಿದ್ದು ಮಣ್ಣಿನ ಏರಿ. ನೀರಿನ ಕಡೆಗೆ ಕಲ್ಲು ಹೊದಿಸಿದ್ದರು, ಹೊರಗಡೆಗೆ ಹುಲ್ಲಿನ ಇಳಿಜಾರು. ಆ ಇಳಿಜಾರು ಮುಗಿಯುವ ಕಡೆಯಿಂದಲೇ ಕೆಳಬೀದಿಯ ಮನೆಗಳು ಶುರು. ಕೆಳಬೀದಿಯ ಹೆಂಗಸರು ಬಟ್ಟೆ ಒಣಹಾಕುವಾಗ ತಲೆಯೆತ್ತಿದರೆ ಕಾಣುವುದು ಒಂದು ಹಸಿರು ಗೋಡೆ. ಅದರ ಆಚೆ ತಮ್ಮ ಮನೆಯ ಹೆಂಚಿಗಿಂತ ಎತ್ತರದಲ್ಲಿ ಜನ ದೋಣಿ ತುಳಿಯುತ್ತಿದ್ದಾರೆ ಅನ್ನುವುದು ಯಾರ ಯೋಚನೆಗೂ ಬರುತ್ತಿರಲಿಲ್ಲ.

ಏರಿಯ ಹೊರಮೈ ಮೇಲೆ ಮರ ನೆಡುವ ಪದ್ಧತಿ ಶುರುಮಾಡಿದವರು ಒಬ್ಬ ನಿವೃತ್ತ ಮೇಷ್ಟ್ರು. ಹೆಂಡತಿ ಹೋದ ವರ್ಷ ಅವಳ ನೆನಪಿಗೆ ಒಂದು ಸಸಿ ಇಟ್ಟರು. ಸಮಿತಿಯವರಿಗೆ ಇದು ಹಿಡಿಸಿತು. ನೆರಳಿಗೆ ನೆರಳು, ಬೇರು ಮಣ್ಣನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ಅಂತ ಏರಿಗೂ ಒಳ್ಳೆಯದು. ಯಾರ ಮನೆಯಲ್ಲಿ ಸಾವಾದರೂ ಏರಿಯ ಮೇಲೆ ಒಂದು ಗುಣಿ ಕೊಡುವುದು, ಮರಕ್ಕೆ ಹೆಸರು ಕೊರೆದ ತಗಡು ಕಟ್ಟುವುದು, ಈ ಮರ ನಿಮ್ಮದು, ನಿಮ್ಮ ಒಪ್ಪಿಗೆಯಿಲ್ಲದೆ ಯಾರೂ ಮುಟ್ಟುವುದಿಲ್ಲ ಅಂತ ಬರೆದ ಚೀಟಿ ಕೊಡುವುದು ರೂಢಿಯಾಯಿತು. ಸಂಜೆ ಹೊತ್ತು ಕೊಡ ಹಿಡಿದು ಇಳಿಜಾರು ಹತ್ತುವವರು, ಎಲೆ ಸವರುವವರು, ಬುಡದಲ್ಲಿ ಕೂತು ಮನೆಯ ಸುದ್ದಿ ಹೇಳುವವರು ಎಲ್ಲ ಅಲ್ಲಿದ್ದರು. ಇದರಲ್ಲಿ ತಪ್ಪೇನಿದೆ? ಯಾರಿಗೂ ಕಾಣಲಿಲ್ಲ.

ಅವಳ ಮಗ ದೋಣಿಮನೆಯಲ್ಲಿ ಮೋಟಾರು ರಿಪೇರಿಯವನು. ನೀರಿನ ಮೇಲೆ ಬೆಳೆದವನಿಗೆ ನೀರಿನಿಂದ ಏನೂ ಆಗಲಿಲ್ಲ, ಒಂದು ಸಾಮಾನ್ಯ ಜ್ವರ ಬಂದು ವಾರ ತುಂಬುವುದರೊಳಗೆ ಎತ್ತಿಕೊಂಡು ಹೋಯಿತು. ಆಗ ಇವಳು ಹಾಸಿಗೆಯಿಂದ ಏಳಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದವಳು ಮಲಗಿಯೇ ಇದ್ದಳು. ಸಮಿತಿಯ ಕಚೇರಿಗೆ ಹೋಗಿ ಗುಣಿ ಕೇಳಿದವಳು ಸೊಸೆ. ಬಣ್ಣದ ಡಬ್ಬಿಯಲ್ಲಿ ಸಸಿ ತಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಾರೆ ಮಣ್ಣು ಮುಚ್ಚಿದವಳೂ ಅವಳೇ. ಚೀಟಿ ಬಂದದ್ದು ಸೊಸೆಯ ಹೆಸರಿಗೆ.

ಆ ಹುಡುಗಿ ಕೆಟ್ಟವಳಾಗಿದ್ದರೆ ಎಷ್ಟೋ ಸಲೀಸಾಗಿರುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ, ಅತ್ತೆ ಜಾಕೆಟ್ಟಿನ ಲೆಕ್ಕಕ್ಕೆ ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆಯುವುದನ್ನು ಕಂಡು ಅವಳು ನಗಲಿಲ್ಲ. ಅಡಿಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದು, ಇದರ ಮೇಲೆ ತಿದ್ದಿ ಅತ್ತೆ, ಒಲೆ ನಾನು ನೋಡ್ಕೋತೀನಿ ಅಂದಳು. ಬಾಗಿಲಲ್ಲಿ ನಿಂತ ಮಗ, ಅಮ್ಮ ಫೇಲಾದ್ರೆ ನಾನು ಮನೆಗೆ ಸೇರಿಸಲ್ಲ ಅಂತ ಹಾಸ್ಯ ಮಾಡುತ್ತಿದ್ದ. ಇವಳು ಪಾಸಾದಳು. ಅಂಗಡಿಯ ಬೋರ್ಡು, ಔಷಧಿಯ ಬಾಟಲಿ, ದೋಣಿಯ ಮೇಲಿನ ಹೆಸರು ಎಲ್ಲ ಓದಿಕೊಂಡು ಓಡಾಡುವಂತಾದಳು.

ಮಗ ಹೋಗಿ ಎರಡನೆಯ ವರ್ಷ ಸೊಸೆಗೆ ತವರಿನವರು ಇನ್ನೊಂದು ಸಂಬಂಧ ನೋಡಿದರು. ಬಹಳ ದೂರದ ಊರು, ಬಟ್ಟೆ ಅಂಗಡಿಯವನು. ಹೇಳಿ ಹೋಗುವುದಕ್ಕೆ ಬಂದವಳು ಹೊಸ್ತಿಲ ಹತ್ತಿರವೇ ನಿಂತಳು. ಇವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ, ಆರಿಸಿದ್ದನ್ನೇ ಮತ್ತೆ ಆರಿಸಿದಳು. ಆ ಹುಡುಗಿ ನಿಂತು ನಿಂತು ಹೋದಳು. ಕೆಲವು ತಿಂಗಳಾದ ಮೇಲೆ ಅವಳಿಂದ ಒಂದು ಕಾಗದ ಬಂತು. ಅತ್ತೆಗೆ ಓದಲು ಸುಲಭವಾಗಲಿ ಅಂತ ದಪ್ಪ ದಪ್ಪ ಅಕ್ಷರದಲ್ಲಿ ಬರೆದಿದ್ದಳು. ನೀವು ಕೋಪ ಮಾಡಿಕೊಂಡಿದ್ದೀರಿ ಅಂತ ಗೊತ್ತು, ನನಗೆ ಬೇರೇನೂ ಬರೆಯಬೇಡಿ, ಮರ ಹೇಗಿದೆ ಅಂತ ಒಂದು ಸಾಲು ಬರೆದರೆ ಸಾಕು. ಕೆಳಗೆ ವಿಳಾಸ.

ಒಂದು ಸಾಲು! ಇವಳು ಅದನ್ನೂ ಬರೆಯಲಿಲ್ಲ. ಬಿಟ್ಟು ಹೋದವಳಿಗೆ ಮರ ಯಾಕೆ ಬೇಕು ಅಂದುಕೊಂಡಳು. ಇವಳು ಸಿಟ್ಟು ಮಾಡಿಕೊಳ್ಳುವುದಕ್ಕೆ ಬೇರೆ ಯಾರು ಉಳಿದಿದ್ದರು? ಜ್ವರದ ಮೇಲೆ ಸಿಟ್ಟು ಮಾಡಿದರೆ ಜ್ವರಕ್ಕೆ ಕೇಳಿಸುವುದಿಲ್ಲ.

ಅಲ್ಲಿಂದ ಮರ ಇವಳದ್ದಾಯಿತು. ಹೆಸರು ತಿಳಿಯದ ಅಗಲ ಎಲೆಯ ಮರ, ನೆರಳಿಗೆ ಒಳ್ಳೆಯದು ಅಂತ ಸಸಿ ಮಾರಿದವನು ಹೇಳಿದ್ದನಂತೆ. ಕೆಲಸ ಮುಗಿಸಿ ದಿನಾ ಒಂದು ಕೊಡ ಹೊತ್ತು ಇಳಿಜಾರಿಗೆ ಹೋಗುವಳು. ಮರ ಆಳೆತ್ತರವಾಯಿತು, ಆಮೇಲೆ ಮನೆಯೆತ್ತರವಾಯಿತು. ಕೆಲವು ವರ್ಷಗಳ ಮೇಲೆ ಒಂದು ಬೇಸಿಗೆಯಲ್ಲಿ ಸುತ್ತಲಿನ ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿ ನಿಂತಾಗ ಇದೊಂದು ಮಾತ್ರ ಕಡುಹಸಿರಾಗಿ ನಿಂತಿತ್ತು. ಮರು ಬೇಸಿಗೆಯೂ ಹಾಗೇ. ಬುಡದ ಮಣ್ಣು ಮುಟ್ಟಿದರೆ ತಂಪು. ಕೊಡ ಹೊರುವ ಅಗತ್ಯವೇ ಬೀಳಲಿಲ್ಲ. ತಾಯಿಯ ಕೈಗುಣ ನೋಡಿ ಅಂತ ಜನ ಅಂದರು. ನನ್ನದೇನಿಲ್ಲ, ನನಗೆ ಕಷ್ಟ ಆಗಬಾರದು ಅಂತ ಅವನೇ ನೋಡ್ಕೋತಿದಾನೆ ಅಂತ ಇವಳು ಅಂದಳು. ಹಾಗೆಂದ ದಿನ ಅವಳು ಎಷ್ಟೋ ವರ್ಷಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದ್ದಳು.

ಅಣೆಕಟ್ಟುಗಳನ್ನು ಪರೀಕ್ಷೆ ಮಾಡುವ ಇಂಜಿನಿಯರಮ್ಮ ಬಂದದ್ದು ಈ ವರ್ಷದ ಬೇಸಿಗೆಯ ಕೊನೆಯಲ್ಲಿ. ಮೊಣಕಾಲಿನವರೆಗೆ ರಬ್ಬರು ಬೂಟು, ತಲೆಗೆ ಕರವಸ್ತ್ರ, ಕೈಯಲ್ಲೊಂದು ಕೋಲು. ಮಾತು ಕಡಿಮೆ, ನಿಂತುಕೊಂಡೇ ಬನ್ನು ತಿಂದು ಮುಗಿಸುವ ಹೆಂಗಸು. ಇಳಿಜಾರನ್ನು ಈ ತುದಿಯಿಂದ ಆ ತುದಿಗೆ ನಡೆದು, ಎಲ್ಲ ಬಿಟ್ಟು ಆ ಹಸಿರು ಮರದ ಕೆಳಗೆ ಬಹಳ ಹೊತ್ತು ಕೂತಳು. ಕೋಲನ್ನು ಮಣ್ಣಿಗೆ ಚುಚ್ಚಿದಳು, ತೆಗೆದು ನೋಡಿದಳು. ಇವಳು ದೋಣಿಮನೆಯಿಂದ ಕಂಡು, ನಮ್ಮ ಮರದ ಚೆಂದಕ್ಕೆ ಯಾರಾದರೂ ಸೋಲಬೇಕಾದ್ದೇ ಅಂದುಕೊಂಡು ಮೇಲೆ ಹೋದಳು.

"ಅಮ್ಮ, ಈ ಮರಕ್ಕೆ ನೀರು ಹಾಕ್ತೀರಾ?" ಅಂತ ಇಂಜಿನಿಯರಮ್ಮ ಕೇಳಿದಳು.

"ಮೊದಲು ಹಾಕ್ತಿದ್ದೆ. ಈಗ ಕೇಳೋದೇ ಇಲ್ಲ."

ಇಂಜಿನಿಯರಮ್ಮ ಕೋಲಿನ ತುದಿಯ ಹಸಿಮಣ್ಣನ್ನು ಬೆರಳಲ್ಲಿ ಒರೆಸಿದಳು. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಮನೆಯವರಿಗೆ ಕಾಯಿಲೆಯ ವಿಷಯ ಹೇಳುವ ಡಾಕ್ಟರ ಹಾಗೆ ನಿಧಾನವಾಗಿ ಹೇಳಿದಳು. ಏರಿಯ ಒಳಗೆ ನೀರು ದಾರಿ ಹುಡುಕುತ್ತಲೇ ಇರುತ್ತದೆ. ಬೇರು ಸಿಕ್ಕರೆ ಅದನ್ನು ಹಿಡಿದುಕೊಂಡು ಬರುತ್ತದೆ. ಈ ಮರ ಜಲಾಶಯದ ನೀರನ್ನೇ ಕುಡಿಯುತ್ತಿದೆ. ಈಗ ಜಿನುಗುತ್ತಿರುವುದು ತಿಳಿನೀರು, ಹಾಗಾಗಿ ಸಮಯ ಇದೆ. ಮಣ್ಣು ಕಲೆಸಿಕೊಂಡು ಬರಲು ಶುರುವಾದರೆ ಏರಿ ಒಳಗಿಂದಲೇ ಕರಗುತ್ತಿದೆ ಅಂತ ಅರ್ಥ.

"ಬೇರು ಮಣ್ಣನ್ನ ಹಿಡಿದು ನಿಲ್ಲಿಸತ್ತೆ ಅಂತಾರಲ್ಲಮ್ಮ."

"ಮೇಲಿನ ಮಣ್ಣನ್ನ ಹಿಡಿಯತ್ತೆ. ಒಳಗೆ ಬಿರುಕು ಮಾಡತ್ತೆ. ಒಂದು ಬೇರು ಸತ್ತು ಕೊಳೆತರೆ ಆ ಜಾಗದಲ್ಲಿ ಕೊಳವೆ ಉಳಿಯತ್ತೆ. ಈ ಒಂದೇ ಮರ ಅಲ್ಲ, ಎಲ್ಲಾನೂ ಬೇರುಸಹಿತ ತೆಗೀಬೇಕು."

ಇವಳಿಗೆ ಅರ್ಥವಾಗಲಿಲ್ಲ ಅನ್ನುವ ಹಾಗಿಲ್ಲ. ಮೊದಲ ಸಲ ಹೇಳಿದಾಗಲೇ ಅರ್ಥವಾಯಿತು. ಹಾಗಾದರೆ ಅದು ಮಗನೂ ಅಲ್ಲ, ತನ್ನ ಕೈಗುಣವೂ ಅಲ್ಲ. ಎದ್ದು ಸೀರೆಗೆ ಹತ್ತಿದ ಹಸಿಮಣ್ಣು ಕೊಡವಿಕೊಂಡು ತೊಟ್ಟಿಯ ಹತ್ತಿರ ವಾಪಸು ಬಂದಳು.

ಮರ ನೆಟ್ಟವರನ್ನೆಲ್ಲ ಸೇರಿಸಿ ಸಮಿತಿ ಸಭೆ ಮಾಡಿತು. ಅತ್ತರು, ಬೈದರು, ಇಷ್ಟು ವರ್ಷ ಮಲಗಿದ್ರಾ ಅಂತ ಸಮಿತಿಯನ್ನು ಹಿಡಿದು ಜಾಡಿಸಿದರು. ಕೊನೆಗೆ ಆ ಮುದಿ ಮೇಷ್ಟ್ರು ಕೋಲೂರಿ ಎದ್ದು, ನನ್ನ ಹೆಂಡತಿ ಬದುಕಿದ್ದಾಗ ಒಂದು ಹಳೆ ಪೇಪರು ಇಟ್ಟುಕೊಳ್ಳಲೂ ಬಿಡ್ತಿರಲಿಲ್ಲ, ಮರ ತೆಗೀಬೇಡಿ ಅಂತಾಳಾ ಅಂದು ಮೊದಲ ಸಹಿ ಹಾಕಿದರು. ಜನ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಒಬ್ಬೊಬ್ಬರಾಗಿ ಒಪ್ಪಿದರು. ಆದರೆ ಒಂದು ಕರಾರು: ತೆಗೆಯುವುದಾದರೆ ಎಲ್ಲವನ್ನೂ ಒಟ್ಟಿಗೆ ತೆಗೆಯಬೇಕು. ಯಾರದಾದರೂ ಒಂದು ಉಳಿದರೂ ನಮ್ಮದಕ್ಕೆ ಕೈ ಹಾಕಿಸುವುದಿಲ್ಲ.

ಹೀಗೆ ಎಲ್ಲರ ಒಪ್ಪಿಗೆಯೂ ಬಂದು, ಒಂದು ಉಳಿಯಿತು. ನಾನು ಹೆತ್ತವಳು, ನಾನು ಸಹಿ ಹಾಕ್ತೀನಿ ಅಂತ ಇವಳು ಹೇಳಿ ನೋಡಿದಳು. ಚೀಟಿ ಸೊಸೆಯ ಹೆಸರಲ್ಲಿದೆಯಲ್ಲಮ್ಮ, ನಾಳೆ ಅವರು ಬಂದು ಕೇಳಿದರೆ ಏನು ಹೇಳಲಿ ಅಂತ ಮ್ಯಾನೇಜರು ಕೈ ಚೆಲ್ಲಿದರು. ಬರೆಯುತ್ತೇನೆ ಅಂದಳು. ವಾರದ ಮೇಲೆ, ಬರೆದಿದ್ದೇನೆ ಅಂದಳು. ಅದಾದ ಮೇಲೆ ಬರೆಯುವುದು ಇನ್ನೂ ಕಷ್ಟವಾಯಿತು.

ಸೊಸೆ ಒಪ್ಪುವುದಿಲ್ಲ ಅನ್ನುವ ಹೆದರಿಕೆ ಇವಳಿಗಿರಲಿಲ್ಲ. ಒಪ್ಪಿಬಿಟ್ಟರೆ ಅನ್ನುವುದೇ ಹೆದರಿಕೆ. ಮರುಟಪಾಲಿಗೇ, ಆಗಲಿ ಕಡಿಯಿರಿ ಅಂತ ಆ ದಪ್ಪ ಅಕ್ಷರದಲ್ಲಿ ಬಂದುಬಿಟ್ಟರೆ? ಅವಳ ಮನೆಯಲ್ಲಿ ಈಗ ಮಕ್ಕಳಿರಬಹುದು, ಅಂಗಡಿಯ ಗಲಾಟೆಯಲ್ಲಿ ಯಾವ ಮರ ಅಂತ ಒಂದು ಗಳಿಗೆ ಯೋಚಿಸಬೇಕಾಗಬಹುದು. ಮಗನನ್ನು ನೆನೆಯುವವರು ಲೋಕದಲ್ಲಿ ಇಬ್ಬರು ಅಂತ ಇವಳ ಲೆಕ್ಕ. ಕಾಗದ ಹಾಕಿದರೆ ಆ ಲೆಕ್ಕ ಸರಿಯೋ ತಪ್ಪೋ ಗೊತ್ತಾಗಿಬಿಡುತ್ತದೆ.

ಅಷ್ಟರಲ್ಲಿ ಮಳೆ ಬಂತು. ಮ್ಯಾನೇಜರು ಹೇಳಿದಂತೆ ಜೋರಾಗಿಯೇ ಬಂತು. ಜಲಾಶಯ ತುಂಬಿತು, ರಜೆಯ ಜನ ತುಂಬಿದರು, ಜಾಕೆಟ್ಟುಗಳು ಒಣಗಲು ಪುರಸೊತ್ತಿಲ್ಲದೆ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹೋದವು. ಒಂದು ಮಧ್ಯಾಹ್ನ ಏರಿಯ ಕಾವಲುಗಾರ ಓಡಿ ಬಂದ. ಹಸಿರು ಮರದ ಬುಡದಿಂದ ಇಳಿಯುವ ನೀರು ಚಹಾದ ಬಣ್ಣಕ್ಕೆ ತಿರುಗಿದೆ ಅಂದ. ಮ್ಯಾನೇಜರ ಕೋಣೆಯ ಫೋನಿನಿಂದ ಇಂಜಿನಿಯರಮ್ಮನಿಗೆ ಸುದ್ದಿ ಹೋಯಿತು. ಅವಳು ಬಂದವಳೇ ತೂಬನ್ನು ಪೂರ್ತಿ ಎತ್ತಿಸಿ ನೀರು ಬಿಡಿಸಿದಳು. ದೋಣಿಗಳನ್ನೆಲ್ಲ ದಡಕ್ಕೆ ಕರೆಸಿದಳು. ಕತ್ತಲಾಗುವ ಮುಂಚೆ ಕೆಳಬೀದಿ ಖಾಲಿಯಾಗಬೇಕು ಅಂದಳು.

ಕೆಳಬೀದಿಯಲ್ಲಿ ಇವಳ ತಂಗಿಯ ಮನೆ. ಹಿಟ್ಟಿನ ಗಿರಣಿ ನಡೆಸುವವಳು, ಗಿರಣಿಯ ಸದ್ದನ್ನು ಮೀರಿ ಮಾತಾಡಿ ರೂಢಿಯಾದ ಗಂಟಲು. ಮೊಮ್ಮಗಳನ್ನು ಕಂಕುಳಲ್ಲಿ, ಗಿರಣಿಯ ಬೆಲ್ಟನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ಬೆಲ್ಟು ಯಾಕೇ ಅಂತ ಯಾರೋ ಕೇಳಿದ್ದಕ್ಕೆ, ನೀರು ಬಂದು ನಮ್ಮ ಗಿರಣಿ ಓಡಿಸ್ಕೊಂಡು ಹೋದ್ರೆ ಅಂತ ಅಂದಳು. ಎಲ್ಲರಿಗೂ ಮೇಲಿನ ಶಾಲೆಯಲ್ಲಿ ಜಾಗ. ಬೆಂಚುಗಳನ್ನು ಜೋಡಿಸಿ ಮಂಚ ಮಾಡಿಕೊಂಡರು. ಕರಿಹಲಗೆಯ ಮೇಲೆ ಯಾವುದೋ ಗುಣಾಕಾರ ಅರ್ಧಕ್ಕೆ ನಿಂತಿತ್ತು.

ಮಾರನೆಯ ಬೆಳಿಗ್ಗೆ ಇವಳು ಚಹಾದ ಪಾತ್ರೆ ಹೊತ್ತುಕೊಂಡು ಅಲ್ಲಿಗೆ ಹೋದಾಗ ಹೆಂಗಸರು ಸೊಸೆಯನ್ನು ಬೈಯುತ್ತಾ ಕೂತಿದ್ದರು. ತಂಗಿಯದೇ ಮುಂದಾಳತ್ವ. ಒಂದು ಸಹಿ ಹಾಕಲಿಕ್ಕೆ ಆಗದಷ್ಟು ದೊಡ್ಡ ಮನುಷ್ಯಳಾದಳಾ? ಗಂಡ ಸತ್ತ ಮಣ್ಣು ಆರೋ ಮುಂಚೆ ಹಾರಿದವಳು, ಈಗ ಇಷ್ಟು ಸಂಸಾರ ಬೀದಿಗೆ ಬಿದ್ದಿರುವಾಗ ತುಟಿ ಹೊಲಿದುಕೊಂಡು ಕೂತಿದಾಳೆ. ಹಾರಿದವಳು ಅನ್ನುವ ಮಾತು ಇವಳದೇ. ಎಷ್ಟೋ ವರ್ಷದ ಹಿಂದೆ ತಂಗಿಯ ಗಿರಣಿಯಲ್ಲಿ ಕೂತು ಇವಳೇ ಆಡಿದ್ದು. ಈಗ ಅದು ಕೋಣೆಯ ತುಂಬ ಓಡಾಡಿಕೊಂಡಿತ್ತು.

"ಅಕ್ಕ, ಆ ವಿಳಾಸ ಕೊಡಿಲ್ಲಿ," ಅಂದಳು ತಂಗಿ. "ನೀನು ಮೆತ್ತಗೆ ಬರೆದಿರ್ತೀಯ. ನಾನು ಬರೆಸ್ತೀನಿ ನೋಡು, ಓದಿದವಳು ಒಂದು ವಾರ ಅನ್ನ ಮುಟ್ಟಬಾರದು."

ಮೂಲೆಯ ಬೆಂಚಿನ ಮೇಲೆ ಮೊಮ್ಮಗಳು ಗಿರಣಿಯ ಬೆಲ್ಟನ್ನೇ ತಲೆದಿಂಬು ಮಾಡಿಕೊಂಡು ನಿದ್ದೆಹೋಗಿದ್ದಳು. ಇವಳು ಪಾತ್ರೆಯನ್ನು ಕೆಳಗಿಟ್ಟಳು. ಕೈಗೆ ಮಾಡಲು ಯಾವ ಕೆಲಸವೂ ಇರಲಿಲ್ಲ.

"ನಾನು ಬರೆದಿಲ್ಲ ಕಣೆ."

"ಏನು ಬರೆದಿಲ್ಲ?"

"ಕಾಗದ. ಬರೆದೇ ಇಲ್ಲ. ಅವಳಿಗೆ ಇದು ಯಾವುದೂ ಗೊತ್ತಿಲ್ಲ."

ತಂಗಿ ಅಕ್ಕನ ಮುಖ ನೋಡಲಾರದೆ ಮಡಚಿದ ಹೊದಿಕೆಯನ್ನು ಬಿಚ್ಚಿ ಮತ್ತೆ ಮಡಚತೊಡಗಿದಳು. ಬೈದಿದ್ದರೆ ಇವಳು ತಡೆದುಕೊಳ್ಳುತ್ತಿದ್ದಳು. ಕೊನೆಗೆ ಅವಳು ಅಂದದ್ದು ಇಷ್ಟೇ: "ಚಹಾ ಆರಿಹೋಗತ್ತೆ. ಲೋಟ ತೊಗೊಳ್ಳಿ ಎಲ್ಲರೂ."

ಇವಳು ಅಲ್ಲಿಂದ ನೇರ ಏರಿಯ ಬುಡಕ್ಕೆ ಹೋಗಿ ಇಂಜಿನಿಯರಮ್ಮನಿಗೂ ಹೇಳಿದಳು. ಮೈಯೆಲ್ಲ ಕೆಸರಾಗಿದ್ದ ಆಕೆ ಬಿಚ್ಚುತ್ತಿದ್ದ ಮರಳಿನ ಚೀಲವನ್ನು ಬಿಡದೆ ಕೇಳಿಸಿಕೊಂಡಳು. ಇನ್ನು ಯಾರ ಸಹಿಗೂ ಕಾಯೋ ಹಾಗಿಲ್ಲಮ್ಮ, ಮೇಲಿನಿಂದ ಆದೇಶ ಬಂದಿದೆ ಅಂದಳು. ಸಿಟ್ಟಿನಲ್ಲಿ ಅನ್ನಲಿಲ್ಲ. ಕಾದದ್ದು ನನ್ನದೂ ತಪ್ಪು, ಅವತ್ತೇ ಆದೇಶ ತರಿಸಬೇಕಿತ್ತು ಅಂತ ತನಗೆ ತಾನೇ ಹೇಳಿಕೊಂಡಳು. ಜಿನುಗುವ ಜಾಗದ ಮೇಲೆ ಮರಳು, ಅದರ ಮೇಲೆ ಜಲ್ಲಿ ಹೇರಿದ್ದರು. ಮಣ್ಣು ಹಿಂದೆ ಉಳಿದು ಬರೀ ನೀರು ಬರಲಿ ಅಂತ.

ನೀರು ಇಳಿಯಿತು. ಈಜುಮೂಲೆಯ ಹಗ್ಗ ಕೆಸರಿನ ಮೇಲೆ ಬಿದ್ದುಕೊಂಡಿತು. ಏರಿ ನಿಂತಿತು. ಇನ್ನೆರಡು ದಿನ ಮಳೆ ಹಿಡಿದಿದ್ದರೆ ಅಂತ ಜನ ಮಾತು ಶುರುಮಾಡುವರು, ಮುಗಿಸುತ್ತಿರಲಿಲ್ಲ.

ಮರಗಳನ್ನು ತೆಗೆಯುವಾಗ ಎಲ್ಲ ಮನೆಯವರೂ ಬಂದು ಇಳಿಜಾರಿನ ಕೆಳಗೆ ನಿಂತಿದ್ದರು. ಹಸಿರು ಮರದ ಸರದಿ ಬಂದಾಗ ಕೆಲವರು ಇವಳ ಕಡೆ ನೋಡಿದರು, ಕೆಲವರು ನೋಡಲಿಲ್ಲ. ಹೆಸರಿನ ತಗಡು ಎಲ್ಲೂ ಕಾಣಲಿಲ್ಲ. ಕಟ್ಟಿದ ತಂತಿಯ ಸಮೇತ ತೊಗಟೆ ಅದನ್ನು ಯಾವಾಗಲೋ ಒಳಗೆ ಎಳೆದುಕೊಂಡಿತ್ತು. ಕೊಂಬೆ, ಕಾಂಡ ಆದ ಮೇಲೆ ಬೇರು. ಯಂತ್ರ ಬುಡವನ್ನು ಎತ್ತಿದಾಗ ಒಂದು ಬೇರು ಬರಲೊಲ್ಲದೆ ಎಳೆಯಿತು. ಇಂಜಿನಿಯರಮ್ಮ ಯಂತ್ರ ನಿಲ್ಲಿಸಿ ಕೈಯಲ್ಲೇ ಅಗೆಸಿದಳು. ಉಳಿದ ಬೇರುಗಳೆಲ್ಲ ಅತ್ತಿತ್ತ ಹರಡಿದ್ದರೆ ಇದೊಂದು ನೆಟ್ಟಗೆ ಏರಿಯ ಒಳಗೆ ನೀರಿನ ಕಡೆಗೆ ಹೋಗಿತ್ತು, ತೋಳಿನ ದಪ್ಪಕ್ಕೆ, ಸುತ್ತ ಕೂದಲಿನಂಥ ಬಿಳಿ ಎಳೆಗಳು. ಆಗ ತಾನೇ ಮಿಂದ ಹಾಗೆ ತೊಯ್ದಿತ್ತು. ಇವಳು ಹತ್ತಿರ ಹೋಗಿ ಅದರ ಮೇಲೆ ಅಂಗೈಯಿಟ್ಟಳು. ತಣ್ಣಗಿತ್ತು. ಏನಾದ್ರೂ ಇಟ್ಕೋತೀರಾ ಅಂತ ಇಂಜಿನಿಯರಮ್ಮ ಕೇಳಿದ್ದಕ್ಕೆ ಬೇಡ ಅಂದಳು. ಒಂದು ಎಲೆ ಎತ್ತಿಕೊಂಡವಳು, ಸ್ವಲ್ಪ ದೂರ ನಡೆದು ಅದನ್ನೂ ಕೆಳಗೆ ಬಿಟ್ಟಳು. ಎಲೆ ಕಳಿಸಿದರೆ ಅವಳು ಅಳುತ್ತಾಳೆ. ಅಳಿಸುವುದಕ್ಕಲ್ಲವಲ್ಲ ಬರೆಯುವುದು.

ಹೊಂಡಗಳನ್ನು ತುಂಬಿ, ಮಣ್ಣು ಬಡಿದು ಕೂರಿಸುವವರೆಗೆ ಕೆಳಬೀದಿಯವರು ಶಾಲೆಯಲ್ಲೇ ಇದ್ದರು. ಮರ ತೆಗೆದ ಮರುದಿನ ಇವಳು ಅಲ್ಲೇ ಹೋಗಿ ಕೂತಳು. ಮಕ್ಕಳ ಬೆಂಚು, ಮೊಣಕಾಲು ಮೇಜಿನ ಕೆಳಗೆ ಹೋಗದೆ ಪಕ್ಕಕ್ಕೆ ಚಾಚಿಕೊಂಡಿತು. ಅಷ್ಟು ದಿನ ಸರಿಯಾಗಿ ಮಾತಾಡದಿದ್ದ ತಂಗಿ ಎಲ್ಲಿಂದಲೋ ಒಂದು ಬಿಳಿ ಹಾಳೆ ತಂದು ಎದುರಿಗಿಟ್ಟಳು.

"ಪೆನ್ನು ಬರೆಯತ್ತಾ ನೋಡು ಮೊದಲು," ಅಂದಳು. "ಅರ್ಧದಲ್ಲಿ ನಿಂತ್ರೆ ನಿನಗೆ ಅದೊಂದು ನೆಪ ಆಗತ್ತೆ."

ಇವಳು ಪೆನ್ನನ್ನು ಅಂಗೈ ಮೇಲೆ ಗೀಚಿ ನೋಡಿದಳು. ಬರೆಯುತ್ತಿತ್ತು. ತಂಗಿ ಹಿಂದಿನ ಬೆಂಚಿನಲ್ಲಿ ಕೂತು ಮೊಮ್ಮಗಳ ಜಡೆ ಬಿಚ್ಚಿ ಬಾಚತೊಡಗಿದಳು, ಇತ್ತ ಇಣುಕಲಿಲ್ಲ. ಒತ್ತಕ್ಷರ ಬಂದ ಕಡೆ ಇವಳ ಕೈ ನಿಲ್ಲುತ್ತಿತ್ತು. ನೆಲದ ಮೇಲೆ ಬರೆದ ಸೀಮೆಸುಣ್ಣದ ಅಕ್ಷರ ಕಣ್ಣಿಗೆ ತಂದುಕೊಂಡು ಮುಂದೆ ಹೋಗುವಳು.

'ಮರ ಹೇಗಿದೆ ಅಂತ ಕೇಳಿದ್ದೆ. ಚೆನ್ನಾಗಿ ಬೆಳೆದಿತ್ತು. ಬೇಸಿಗೆಯಲ್ಲೂ ಹಸಿರಾಗಿತ್ತು. ಅದು ಏರಿಯ ನೀರು ಕುಡಿಯುತ್ತಿತ್ತಂತೆ, ನಮಗೆ ಯಾರಿಗೂ ತಿಳಿಯಲಿಲ್ಲ. ಕಡಿಯುವ ಮುಂಚೆ ನಿನ್ನನ್ನು ಕೇಳಬೇಕಿತ್ತು. ಕೇಳಿದ್ದೇನೆ, ನೀನು ಉತ್ತರ ಕೊಡಲಿಲ್ಲ ಅಂತ ಊರಿಗೆಲ್ಲ ಹೇಳಿದೆ. ಅದು ಸುಳ್ಳು ಅಂತ ಈಗ ಅವರಿಗೂ ಹೇಳಿದ್ದೇನೆ. ನಿನ್ನೆ ಮರ ತೆಗೆದರು. ನಾನು ಅಲ್ಲೇ ನಿಂತಿದ್ದೆ. ಅವನು ನೆರಳಿನಲ್ಲಿ ಕೂರುವ ಪೈಕಿ ಅಲ್ಲ, ಸುಡುಬಿಸಿಲಲ್ಲಿ ಎಂಜಿನ್ ಬಿಚ್ಚಿಕೊಂಡು ಕೂರುತ್ತಿದ್ದ, ನಿನಗೆ ಗೊತ್ತಲ್ಲ. ಆವತ್ತು ಬಾಗಿಲಲ್ಲಿ ನಿಂತಿದ್ದೆಯಲ್ಲ, ಒಳಗೆ ಬಾ ಅನ್ನಬೇಕಿತ್ತು ನಾನು. ಮಕ್ಕಳಿದ್ದರೆ'

ಅಲ್ಲಿ ನಿಂತಳು. 'ಮಕ್ಕಳಿದ್ದರೆ' ಅನ್ನುವುದನ್ನು ಹೊಡೆದುಹಾಕಲು ಪೆನ್ನು ಇಟ್ಟು, ಹೊಡೆಯಲಿಲ್ಲ. ಮುಂದೆ 'ಅವರ ಹೆಸರು ಬರಿ' ಅಂತ ಸೇರಿಸಿ, ಕೆಳಗೆ 'ಅತ್ತೆ' ಅಂತ ಬರೆದಳು.

ಅಂಚೆ ಕಚೇರಿ ಮೇಲಿನ ರಸ್ತೆಯಲ್ಲಿತ್ತು. ಹೊರಟಾಗ ತಂಗಿ, ನಾನೂ ಬರಲಾ ಅಂದಳು. ಇವಳು ಬೇಡ ಅಂದಳು. ಕಚೇರಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ಅಂಚೆಯವನು ಆಗಲೇ ಮಧ್ಯಾಹ್ನದ ಚೀಲಕ್ಕೆ ಕಾಗದಗಳನ್ನು ಸುರಿದುಕೊಂಡು ಕೂತಿದ್ದ. ಬೇಗ ಹೋಗುವುದು ಯಾವುದಪ್ಪ ಅಂತ ಇವಳು ಕೇಳಿದಳು. ಇದೇ ಚೀಲ ಅಮ್ಮ, ಬಸ್ಸು ಬರೋ ಹೊತ್ತಾಯ್ತು, ಕೊಡಿ ಅಂದ. ವಿಳಾಸವನ್ನು ಒಂದು ಸಲ ಗಟ್ಟಿಯಾಗಿ ಓದಿ, ಮುದ್ರೆ ಒತ್ತಿ, ಕಾಗದವನ್ನು ಒಳಗೆ ಹಾಕಿದ. ಚೀಲದ ಬಾಯಿ ಕಟ್ಟಲು ಹೋದರೆ ಹುರಿದಾರ ಜಾರಿ ಜಾರಿ ಸಡಿಲವಾಗುತ್ತಿತ್ತು.

"ಅಮ್ಮ, ಇಲ್ಲೊಂದು ಬೆರಳಿಡಿ."

ಅವಳು ಕಿಂಡಿಯಿಂದ ಕೈ ಒಳಗೆ ಹಾಕಿ ದಾರದ ಮೇಲೆ ತೋರುಬೆರಳನ್ನು ಒತ್ತಿ ಹಿಡಿದಳು. ಅಂಚೆಯವನು ಅದರ ಮೇಲೇ ಗಂಟು ತಂದು ಬಿಗಿಯಾಗಿ ಎಳೆದ. ಎಳೆಯುತ್ತಿದ್ದಂತೆ ಬೆರಳು ತೆಗೀರಿ ಅಂದ. ಅವಳು ಒಂದು ಕ್ಷಣ ಹಾಗೇ ಹಿಡಿದಿದ್ದು, ತೆಗೆದಳು.